ಲೆಕ್ಕದಲ್ಲಿ ಬಂದ ಮ್ಯೂ: ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮಂಡ್ಯದಲ್ಲಿ ಎಂ.ಟೆಕ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ಮ್ಯಾಗ್ನೆಟಿಕ್ ಮೆಟಾಮೆಟೀರಿಯಲ್ ಮೇಲೆ, ಅಂದರೆ ಸಣ್ಣ ಲೋಹದ ಆಕಾರಗಳನ್ನು ಸಾಲಾಗಿ ಜೋಡಿಸಿ ಕಾಂತಗುಣ ಬರಿಸುವ ಕೃತಕ ವಸ್ತುವಿನ ಮೇಲೆ. ಎಫ್‌ಆರ್-4 ಎಂಬ ಸರ್ಕ್ಯೂಟ್ ಬೋರ್ಡಿನ ಮೇಲೆ 2.6 ಮಿ.ಮೀ. ಅಗಲದ ತಾಮ್ರದ ಚೌಕ ಉಂಗುರಗಳು, ಪ್ರತಿ ಉಂಗುರದಲ್ಲೂ 0.3 ಮಿ.ಮೀ. ಸೀಳು, ಮತ್ತೆ ಮತ್ತೆ ಬರುವ ಘಟಕವಾದ ಒಂದು ಸೆಲ್‌ಗೆ 3.3 ಮಿ.ಮೀ. ಒಂದೇ ಸೆಲ್ ಸಿಮ್ಯುಲೇಟ್ ಮಾಡಿ, ಎಷ್ಟು ಅಲೆ ವಾಪಸ್ ಬರುತ್ತದೆ, ಎಷ್ಟು ದಾಟುತ್ತದೆ ಎಂದು ಹೇಳುವ ಎಸ್-ಪ್ಯಾರಾಮೀಟರ್‌ಗಳಿಂದ ಮ್ಯೂ (ವಸ್ತು ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಅಳತೆ) ಮತ್ತು ಎಪ್ಸಿಲಾನ್ (ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಅಳತೆ) ತೆಗೆದೆ. ರೆಸೊನೆನ್ಸ್ 9.1 ಗಿಗಾಹರ್ಟ್ಸ್‌ನಲ್ಲಿ ಬಂತು. ಅದರ ಸ್ವಲ್ಪ ಮೇಲೆ ಮ್ಯೂ ಮೈನಸ್ 6ರವರೆಗೂ ಇಳಿಯುತ್ತದೆ. ಆದರೆ ಅಲ್ಲೇ ಎಪ್ಸಿಲಾನ್‌ನ ಇಮ್ಯಾಜಿನರಿ ಭಾಗದ, ಅಂದರೆ ನಷ್ಟವನ್ನು ಹೇಳುವ ಭಾಗದ, ಚಿಹ್ನೆ ಉಲ್ಟಾ ಆಗುತ್ತದೆ. ‘ಇದು ಶಕ್ತಿ ಹುಟ್ಟಿಸುವ ವಸ್ತು ಅಂದ ಹಾಗಾಯಿತು, ಲೆಕ್ಕ ತಪ್ಪಿದೆ’ ಎನ್ನುತ್ತಾರೆ ನಮ್ಮ ಗೈಡ್. ಮೂರು ಪದರ ಇಟ್ಟರೆ ಮ್ಯೂ ಬೇರೆ ಬರುತ್ತದೆ. ಒಂದು ಪಟ್ಟಿ ಬೋರ್ಡ್ ಮಾಡಿಸಿ, ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆಯಾದ ಎಕ್ಸ್-ಬ್ಯಾಂಡ್ ವೇವ್‌ಗೈಡ್‌ನಲ್ಲಿ ಅಳೆದರೆ ರೆಸೊನೆನ್ಸಿನ ತಗ್ಗು (ಅಲೆ ಅತಿ ಕಡಿಮೆ ದಾಟುವ ಜಾಗ) 9.7ಕ್ಕೆ ಹೋಗಿ ಕೂತಿದೆ. ಮ್ಯೂ ಮೈನಸ್‌ಗೆ ಸರಿಯಾಗಿ ಇಳಿಯುವುದೂ ಇಲ್ಲ. ‘ತಾಮ್ರಕ್ಕೆ ಎಲ್ಲಿಯ ಮ್ಯಾಗ್ನೆಟಿಸಂ’ ಎಂದು ಲ್ಯಾಬಿನವರು ಬೇರೆ ಕೇಳುತ್ತಾರೆ. ವೈವಾ ಹತ್ತಿರ ಬಂತು. ಯಾವ ಸಂಖ್ಯೆಯನ್ನು ನಂಬಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಹೇಳಿದ್ದರಲ್ಲಿ ಒಂದೂ ವಿಚಿತ್ರವಲ್ಲ. ಈ ಕೆಲಸಕ್ಕೆ ಕೈ ಹಾಕಿದವರೆಲ್ಲ ಇದೇ ದಾರಿಯಲ್ಲಿ ಬಂದವರು. ನಿಮ್ಮ ಪ್ರಶ್ನೆ ನಿಜವಾಗಿ ಒಂದೇ: ಉಂಗುರಗಳ ಒಂದು ಗುಂಪಿಗೆ ‘ಇದರ ಮ್ಯೂ ಇಷ್ಟು’ ಎಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ? ಸೂತ್ರಕ್ಕೆ ಎಸ್-ಪ್ಯಾರಾಮೀಟರ್ ಹಾಕಿದರೆ ಅದು ಯಾವಾಗಲೂ ಒಂದು ಮ್ಯೂ ಕೊಡುತ್ತದೆ. ಇಟ್ಟಿಗೆ ಇಟ್ಟರೂ ಕೊಡುತ್ತದೆ, ಖಾಲಿ ಜಾಗ ಇಟ್ಟರೂ ಕೊಡುತ್ತದೆ. ಸಂಖ್ಯೆ ಬಂತು ಅನ್ನುವುದು ಸಾಕ್ಷಿಯಲ್ಲ.

ಲ್ಯಾಬಿನವರ ಮಾತನ್ನು ಬೇಗ ಮುಗಿಸೋಣ. ಮ್ಯಾಗ್ನೆಟಿಸಂಗೆ ಕಬ್ಬಿಣವೇ ಬೇಕು ಅನ್ನುವುದು ತಪ್ಪು ಕಲ್ಪನೆ. ಸುತ್ತಿನಲ್ಲಿ ಹರಿಯುವ ಕರೆಂಟೇ ಮ್ಯಾಗ್ನೆಟಿಕ್ ಮೊಮೆಂಟ್, ಪಿಯುಸಿಯಲ್ಲೇ ಓದಿದ್ದೇವೆ. ಬದಲಾಗುವ ಕಾಂತಕ್ಷೇತ್ರ ಉಂಗುರದೊಳಗೆ ಹಾದರೆ ಕರೆಂಟ್ ಹುಟ್ಟುತ್ತದೆ. ಸೀಳು ಕೆಪಾಸಿಟರ್ ಆಗುತ್ತದೆ, ಉಂಗುರ ಇಂಡಕ್ಟರ್ ಆಗುತ್ತದೆ. ರೆಸೊನೆನ್ಸ್‌ಗಿಂತ ಕೆಳಗೆ ಆ ಕರೆಂಟ್ ಹೊರಗಿನ ಕ್ಷೇತ್ರಕ್ಕೆ ಜೊತೆ ಕೊಡುತ್ತದೆ, ಮೇಲೆ ಹೋದರೆ ಎದುರು ನಿಲ್ಲುತ್ತದೆ. ಎದುರು ನಿಲ್ಲುವುದು ಜೋರಾದಾಗ ಮ್ಯೂ ಸೊನ್ನೆಗಿಂತ ಕೆಳಗೆ ಬರುತ್ತದೆ. ಸ್ಥಿರ ಕ್ಷೇತ್ರದಲ್ಲಿ ಮಾತ್ರ ಇದು ಬರೀ ತಾಮ್ರವೇ, ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಭೌತವಿಜ್ಞಾನಿ ಪೆಂಡ್ರಿ ಮತ್ತು ಅವರ ಜೊತೆಗಾರರು ಇದನ್ನು ಲೆಕ್ಕ ಸಮೇತ ತೋರಿಸಿದ್ದು 1999ರಲ್ಲಿ. 2001ರಲ್ಲಿ ಶೆಲ್ಬಿ, ಸ್ಮಿತ್, ಶುಲ್ಟ್ಸ್ ಇಂಥ ಉಂಗುರಗಳ ಜೊತೆ ತಂತಿಗಳನ್ನೂ ಸೇರಿಸಿ, ಮೈಕ್ರೋವೇವ್ ಉಲ್ಟಾ ದಿಕ್ಕಿಗೆ ಬಾಗುವುದನ್ನು ಅಳೆದು ತೋರಿಸಿದರು. ಇನ್ನೂ ಹಿಂದೆ ಹೋದರೆ, 1898ರಲ್ಲೇ ನಮ್ಮ ಜಗದೀಶ್ ಚಂದ್ರ ಬೋಸರು ತಿರುಚಿದ ಸೆಣಬಿನಿಂದ ಅಲೆಯ ಧ್ರುವೀಕರಣವನ್ನು ತಿರುಗಿಸಿದ್ದರು. ವಸ್ತುವಿನ ಗುಣ ಅದರ ಆಕಾರದಿಂದಲೂ ಬರಬಹುದು ಅನ್ನುವುದಕ್ಕೆ ಅದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ. ವೈವಾದಲ್ಲಿ ಹೇಳಿ.

ಈಗ ಮುಖ್ಯ ವಿಷಯ. ಉಂಗುರಗಳನ್ನು ಮರೆತು ‘ಇದೊಂದು ಏಕರೂಪದ ವಸ್ತು’ ಎಂದು ಯಾವಾಗ ಹೇಳಬಹುದು? ಜಲ್ಲಿ ಹಾಕಿದ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರ್ ಹೋದರೆ ಅದರ ದೊಡ್ಡ ಚಕ್ರಕ್ಕೆ ರಸ್ತೆ ಸ್ವಲ್ಪ ಒರಟು ಅನ್ನಿಸುತ್ತದೆ, ಅಷ್ಟೇ. ಮಕ್ಕಳ ಸೈಕಲ್ಲಿಗೆ ಒಂದೊಂದು ಕಲ್ಲೂ ಬೇರೆ ಬೇರೆ. ತರಂಗಾಂತರ ಚಕ್ರ, ಸೆಲ್ ಜಲ್ಲಿ. 9.1 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ತರಂಗಾಂತರ ಸುಮಾರು 33 ಮಿ.ಮೀ. ನಿಮ್ಮ ಸೆಲ್ 3.3. ಹತ್ತರಲ್ಲಿ ಒಂದು ಭಾಗ ಅಂತಾಯಿತು, ಪುಸ್ತಕದ ಪ್ರಕಾರ ಪಾಸು.

ಆದರೆ ಅಲೆ ಓಡುವುದು ವಸ್ತುವಿನ ಒಳಗೆ, ಅಲ್ವಾ? ರೆಸೊನೆನ್ಸ್ ಹತ್ತಿರ ಬಂದಂತೆ ಮ್ಯೂ ಏರುತ್ತದೆ, ಜೊತೆಗೆ ವಕ್ರೀಭವನ ಸೂಚ್ಯಂಕವೂ ಏರುತ್ತದೆ, ಒಳಗಿನ ತರಂಗಾಂತರ ಕುಗ್ಗುತ್ತದೆ. ಸೂಚ್ಯಂಕ 5 ಆದಾಗ ಅದು 6.6 ಮಿ.ಮೀ. ಅಂದರೆ ಒಂದು ಅಲೆಗೆ ಎರಡೇ ಸೆಲ್. ಅಲ್ಲಿ ಸರಾಸರಿ ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಇನ್ನೂ ಮೇಲೆ ಸೂಚ್ಯಂಕ ಏರುವುದಕ್ಕೂ ಸಮ ಅಂತರದ ಸೆಲ್ಲುಗಳ ಜಾಲರಿ ಬಿಡುವುದಿಲ್ಲ. ನಿಮ್ಮ ಗ್ರಾಫ್ ತೆಗೆದು ಸೂಚ್ಯಂಕದ ರಿಯಲ್ ಭಾಗ ನೋಡಿ. ಅದು 5ರ ಹತ್ತಿರ ಚೂಪಾಗಿ ಏರಿ ಇಳಿಯುವ ಬದಲು, ತಲೆ ಕತ್ತರಿಸಿದ ಹಾಗೆ ಸಪಾಟಾಗಿ ಹೋಗುತ್ತಿದೆಯೇ? ಅದರ ಮೇಲೆ ಇನ್ನೊಂದು ಗೆರೆ ಎಳೆಯಿರಿ: ಗಾಳಿಯ ತರಂಗಾಂತರವನ್ನು ಸೆಲ್ ಅಗಲದ ಎರಡರಷ್ಟರಿಂದ ಭಾಗಿಸಿದರೆ ಬರುವ ಗೆರೆ. ಸಪಾಟು ಭಾಗ ಈ ಗೆರೆಯ ಮೇಲೆಯೇ ಕೂತಿದ್ದರೆ, ಆ ಆವರ್ತನಗಳಲ್ಲಿ ನೀವು ನೋಡುತ್ತಿರುವುದು ವಸ್ತುವಿನ ಗುಣವಲ್ಲ, ಜಾಲರಿಯ ಗುಣ. ಬೇಸರದ ಸಂಗತಿ ಏನೆಂದರೆ, ಮ್ಯೂ ತುಂಬಾ ದೊಡ್ಡದಾಗುವ ಜಾಗ ಮತ್ತು ಮ್ಯೂ ಅನ್ನುವ ಕಲ್ಪನೆಯೇ ಸೋಲುವ ಜಾಗ ಹೆಚ್ಚುಕಡಿಮೆ ಒಂದೇ.

ಇನ್ನು ಎಪ್ಸಿಲಾನ್ ಚಿಹ್ನೆಯ ವಿಷಯ. ಗೈಡ್ ಹೇಳುವುದೂ ಸರಿ, ನಿಮ್ಮ ಲೆಕ್ಕವೂ ಬಹುಶಃ ಸರಿ. ಆದರೆ ಎರಡನ್ನೂ ಒಪ್ಪುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಎಂಜಿನಿಯರುಗಳು ಕಾಲದ ಅವಲಂಬನೆಯನ್ನು ಪ್ಲಸ್ ಜೆ-ಒಮೆಗಾ-ಟಿ ಎಂದು ಬರೆಯುತ್ತಾರೆ, ಭೌತಶಾಸ್ತ್ರದವರು ಮೈನಸ್ ಐ-ಒಮೆಗಾ-ಟಿ ಎಂದು. ಸಿಎಸ್‌ಟಿ, ಎಚ್‌ಎಫ್‌ಎಸ್‌ಎಸ್‌ನಂಥ ಸಾಫ್ಟ್‌ವೇರ್‌ಗಳದ್ದು ಮೊದಲನೆಯದು. ಸ್ಮಿತ್ ಮತ್ತು ಇತರರು 2002ರಲ್ಲಿ ಬರೆದ ಸೂತ್ರ, ಎಲ್ಲರೂ ಬಳಸುವ ಸೂತ್ರ, ಎರಡನೆಯ ಪದ್ಧತಿಯದ್ದು. ಎಸ್-ಪ್ಯಾರಾಮೀಟರ್‌ಗಳನ್ನು ಕಾಂಜುಗೇಟ್ ಮಾಡದೆ (ಇಮ್ಯಾಜಿನರಿ ಭಾಗದ ಚಿಹ್ನೆ ಬದಲಿಸದೆ) ಸುಮ್ನೆ ಆ ಸೂತ್ರಕ್ಕೆ ಹಾಕಿದರೆ ಏನಾಗುತ್ತದೆ ಗೊತ್ತೇ? ಇಮ್ಯಾಜಿನರಿ ಭಾಗ ಧನ ಇರಬೇಕು ಅನ್ನುವ ಷರತ್ತು ಸೂಚ್ಯಂಕದ ರಿಯಲ್ ಭಾಗವನ್ನೇ ಉಲ್ಟಾ ಮಾಡಿಬಿಡುತ್ತದೆ. ಮಾಮೂಲಿ ಪ್ಲಾಸ್ಟಿಕ್ಕೂ ನೆಗೆಟಿವ್ ಇಂಡೆಕ್ಸ್ ವಸ್ತುವಿನ ಹಾಗೆ ಕಾಣುತ್ತದೆ! ಹಾಗಾಗಿ ಉಂಗುರ ತೆಗೆದು, ಅದೇ ಸೆಲ್‌ಗೆ ಬರೀ ಟೆಫ್ಲಾನ್ ತುಂಬಿ ಅದೇ ಕೋಡ್ ಓಡಿಸಿ. ಎಪ್ಸಿಲಾನ್ 2.1, ಮ್ಯೂ 1, ಸೂಚ್ಯಂಕ 1.45 ಬರಬೇಕು. ಮೈನಸ್ 1.45 ಬಂದರೆ ತಪ್ಪು ಕೋಡ್‌ನಲ್ಲಿದೆ. ಬೇರೆ ಯಾವುದೋ ಸಂಖ್ಯೆ ಬಂದರೆ ಪೋರ್ಟಿನ ರೆಫರೆನ್ಸ್ ಪ್ಲೇನ್ (ಫೇಸ್ ಎಣಿಸಲು ಶುರುಮಾಡುವ ಜಾಗ) ಸೆಲ್‌ನ ಮುಖಕ್ಕೆ ತಂದಿಲ್ಲ ಎಂದೋ, ದಪ್ಪ ತಪ್ಪು ಹಾಕಿದ್ದೀರಿ ಎಂದೋ ಅರ್ಥ. ದಪ್ಪ ಅಂದರೆ ಅಲೆ ಸಾಗುವ ದಿಕ್ಕಿನಲ್ಲಿ ಸೆಲ್‌ನ ಉದ್ದ, 3.3 ಮಿ.ಮೀ. ಬೋರ್ಡಿನ ದಪ್ಪವಲ್ಲ.

ಟೆಫ್ಲಾನ್ ಪಾಸಾಯಿತು, ಆದರೂ ಎಪ್ಸಿಲಾನ್ ಮಾತ್ರ ಉಲ್ಟಾ, ಮ್ಯೂ ಸರಿಯಾಗಿದೆ ಅಂದರೆ? ಆಗ ಅದು ಈ ವಿದ್ಯೆಯಲ್ಲಿ ಎಲ್ಲರಿಗೂ ಪರಿಚಿತವಾದ ‘ಆಂಟಿ-ರೆಸೊನೆನ್ಸ್’. ಕೋಶ್ನಿ ಮತ್ತು ಇತರರು 2003ರಲ್ಲಿ ಇದನ್ನು ಬರೆದಾಗ, ನಿಮ್ಮ ಗೈಡ್ ಎತ್ತಿದ ಆಕ್ಷೇಪವನ್ನೇ ಬೇರೆ ವಿಜ್ಞಾನಿಗಳೂ ಎತ್ತಿದ್ದರು. ಕಾರಣ ಹೀಗಿದೆ. ಸೂತ್ರ ನಿಜವಾಗಿ ಹೊರತೆಗೆಯುವುದು ಎರಡನ್ನು: ಸೂಚ್ಯಂಕ ಮತ್ತು ಇಂಪೀಡೆನ್ಸ್ (ಅಲೆಯ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಅನುಪಾತ). ಗುಣಿಸಿದರೆ ಮ್ಯೂ, ಭಾಗಿಸಿದರೆ ಎಪ್ಸಿಲಾನ್. ಜಾಲರಿಯು ಸೂಚ್ಯಂಕದ ತಲೆ ಕತ್ತರಿಸಿದೆ ಎಂದು ಈಗಷ್ಟೇ ನೋಡಿದೆವು. ಮ್ಯೂ ಮಾತ್ರ ಜೋರಾಗಿ ಏರಿಳಿಯುತ್ತಿದೆ. ಮ್ಯೂ, ಎಪ್ಸಿಲಾನ್ ಎರಡರ ಗುಣಲಬ್ಧ ಸೂಚ್ಯಂಕದ ವರ್ಗಕ್ಕೆ ಸರಿಹೋಗಬೇಕಾದರೆ ಎಪ್ಸಿಲಾನ್ ಎದುರು ದಿಕ್ಕಿಗೆ ಬಾಗಲೇಬೇಕು. ಅಂದರೆ ಸೆಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಫೇಸ್ ಬದಲಾಗುವುದನ್ನು ಏಕರೂಪದ ವಸ್ತುವಿನ ಸೂತ್ರಕ್ಕೆ ತುರುಕಿದ್ದರ ಗುರುತು ಅದು. ಶಕ್ತಿ ಎಲ್ಲೂ ಹುಟ್ಟಿಲ್ಲ. ಎಸ್11 (ವಾಪಸ್ ಬರುವ ಅಲೆ) ಮತ್ತು ಎಸ್21 (ದಾಟಿ ಹೋಗುವ ಅಲೆ) ಇವೆರಡರ ಪರಿಮಾಣದ ವರ್ಗಗಳನ್ನು ಒಂದರಿಂದ ಕಳೆದು ಗ್ರಾಫ್ ಹಾಕಿ. ಹೀರಿಕೆ ಎಲ್ಲ ಆವರ್ತನದಲ್ಲೂ ಧನವೇ ಇರುತ್ತದೆ. ಈ ಗ್ರಾಫನ್ನು ಗೈಡ್ ಮುಂದೆ ಇಡಿ. ಅವರ ಮಾತಿನಲ್ಲಿ ಸರಿಯಾದ ಭಾಗವನ್ನೂ ಒಪ್ಪಿಕೊಳ್ಳಿ: ನಿಜವಾದ ನಿಷ್ಕ್ರಿಯ ವಸ್ತುವಿನ ಎಪ್ಸಿಲಾನ್ ಹೀಗಿರಲು ಸಾಧ್ಯವಿಲ್ಲ. ಹಾಗಾಗಿ ಆ ಆವರ್ತನಗಳಲ್ಲಿ ಬಂದ ಎಪ್ಸಿಲಾನ್ ವಸ್ತುವಿನದ್ದಲ್ಲ, ಆ ಒಂದು ಪದರದ ವರ್ತನೆಯನ್ನು ಬರೆದಿಟ್ಟ ಸಂಖ್ಯೆ ಮಾತ್ರ.

ಪದರ ಹೆಚ್ಚಿಸಿದರೆ ಮ್ಯೂ ಏಕೆ ಬದಲಾಗುತ್ತದೆ? ಒಂದು ಉಂಗುರ ಇನ್ನೊಂದನ್ನು ನೋಡುತ್ತದೆ, ಅದಕ್ಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ, ನಿಮ್ಮ ಅಳತೆಯ ಗುಟ್ಟೂ ಇಲ್ಲೇ ಇದೆ. ಒಂದೇ ಅಕ್ಷದ ಮೇಲೆ ಅಕ್ಕಪಕ್ಕ ನಿಂತ ಎರಡು ಉಂಗುರಗಳಲ್ಲಿ ಒಂದರ ಫ್ಲಕ್ಸ್ ಇನ್ನೊಂದರೊಳಗೆ ಅದೇ ದಿಕ್ಕಿಗೆ ಹಾಯುತ್ತದೆ. ಮ್ಯೂಚುವಲ್ ಇಂಡಕ್ಟೆನ್ಸ್ ಧನ, ಒಟ್ಟು ಇಂಡಕ್ಟೆನ್ಸ್ ಜಾಸ್ತಿ, ರೆಸೊನೆನ್ಸ್ ಕೆಳಗೆ ಇಳಿಯುತ್ತದೆ. ಒಂದೇ ಬೋರ್ಡಿನ ಮೇಲೆ ಪಕ್ಕಪಕ್ಕ ಕೂತ ಉಂಗುರಗಳಲ್ಲಿ ಫ್ಲಕ್ಸ್ ಉಲ್ಟಾ ಹಾಯುತ್ತದೆ, ರೆಸೊನೆನ್ಸ್ ಮೇಲೇರುತ್ತದೆ. ಸೀಳುಗಳ ನಡುವಿನ ವಿದ್ಯುತ್ ಕ್ಷೇತ್ರದ ನಂಟು ಇದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಒಂಟಿ ಪದರದಲ್ಲಿ ಮುಂದಿನ ನೆರೆಯೂ ಇಲ್ಲ, ಹಿಂದಿನದೂ ಇಲ್ಲ. ಮೂರರಲ್ಲಿ ನಡುವಿನದಕ್ಕೆ ಮಾತ್ರ ಎರಡೂ ಇವೆ. ಬೇರೆ ಬೇರೆ ಉತ್ತರ ಬರುವುದು ಸಹಜ.

ಈಗ ನಿಮ್ಮ ಸಿಮ್ಯುಲೇಷನ್ ನೋಡಿ. ಅಕ್ಕಪಕ್ಕದ ಗೋಡೆಗೆ ಮ್ಯಾಗ್ನೆಟಿಕ್ ವಾಲ್ ಅಥವಾ ಪೀರಿಯಾಡಿಕ್ ಬೌಂಡರಿ ಹಾಕಿರುತ್ತೀರಿ. ಅಂದರೆ 3.3 ಮಿ.ಮೀ.ಗೆ ಒಂದರಂತೆ ಕೊನೆಯಿಲ್ಲದಷ್ಟು ಬೋರ್ಡುಗಳು ಒಂದರ ಪಕ್ಕ ಒಂದು ನಿಂತಿವೆ ಎಂದು ಲೆಕ್ಕ. ವೇವ್‌ಗೈಡ್‌ನಲ್ಲಿ? 22.86 ಮಿ.ಮೀ. ಅಗಲಕ್ಕೆ ಒಂದೇ ಪಟ್ಟಿ. ಕೆಳಗೆ ಎಳೆಯುವ ನೆರೆಹೊರೆಯೇ ಇಲ್ಲ, ಹಾಗಾಗಿ ತಗ್ಗು ಮೇಲಕ್ಕೆ ಹೋಗಿದೆ. ಎತ್ತರ ಮಾತ್ರ ಸರಿಹೊಂದಿದೆ, 10.16 ಮಿ.ಮೀ.ಗೆ ಮೂರು ಉಂಗುರ. 9.1ರಿಂದ 9.7 ಅಂದರೆ ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧ ಸುಮಾರು 12 ಪರ್ಸೆಂಟ್ ಕಡಿಮೆಯಾಗಿದೆ. ಎಲ್ಲವನ್ನೂ ನೆರೆಯ ಉಂಗುರಗಳ ತಲೆಗೇ ಕಟ್ಟಬೇಡಿ. ನಿಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಹೋಗಿ, ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಕೆಳಗೆ ಬೋರ್ಡ್ ಇಡಿ. ಅದು 0.01 ಮಿ.ಮೀ.ವರೆಗೆ ಓದುತ್ತದೆ. ಎಚಿಂಗ್ ಜಾಸ್ತಿಯಾದರೆ 0.30 ಇರಬೇಕಾದ ಸೀಳು 0.35 ಆಗಿರುತ್ತದೆ, ತಾಮ್ರದ ಗೆರೆ ಅಷ್ಟೇ ಸಣ್ಣದಾಗಿರುತ್ತದೆ, ಸೀಳಿನ ಅಂಚು ಗುಂಡಗಾಗಿರುತ್ತದೆ. ಹತ್ತು ಉಂಗುರವಾದರೂ ಅಳೆದು, ಸಿಕ್ಕ ಸರಾಸರಿಯನ್ನೇ ಸಿಮ್ಯುಲೇಷನ್‌ಗೆ ಹಾಕಿ. ಎಫ್‌ಆರ್-4ನ ಎಪ್ಸಿಲಾನ್ ಕೂಡ ಲಾಟಿನಿಂದ ಲಾಟಿಗೆ 4.2ರಿಂದ 4.7ರ ನಡುವೆ ಓಡಾಡುತ್ತದೆ.

ಮ್ಯೂ ಮೈನಸ್‌ಗೆ ಇಳಿಯದ್ದಕ್ಕೂ ಇದೇ ಮೂಲ. ಪೆಂಡ್ರಿಯವರ ಸರಳ ಮಾದರಿಯಲ್ಲಿ ಎರಡೇ ಸಂಖ್ಯೆ ಮುಖ್ಯ: ಫಿಲ್ಲಿಂಗ್ ಫ್ರ್ಯಾಕ್ಷನ್ (ಸೆಲ್ಲಿನಲ್ಲಿ ಉಂಗುರ ಆವರಿಸಿದ ಪಾಲು) ಮತ್ತು ಕ್ಯೂ (ರೆಸೊನೆನ್ಸ್ ಎಷ್ಟು ಚೂಪು, ನಷ್ಟ ಎಷ್ಟು ಕಡಿಮೆ ಅನ್ನುವ ಅಳತೆ). ರೆಸೊನೆನ್ಸ್ ಹತ್ತಿರ ಮ್ಯೂ ಇಳಿಯುವ ತಳ, ಒಂದರಿಂದ ಇವೆರಡರ ಗುಣಲಬ್ಧದ ಅರ್ಧ ಕಳೆದಷ್ಟು. ಫ್ರ್ಯಾಕ್ಷನ್ 0.3, ಕ್ಯೂ 50 ಎಂದಿಟ್ಟುಕೊಳ್ಳಿ. ಎಫ್‌ಆರ್-4ನ ಲಾಸ್ ಟ್ಯಾಂಜೆಂಟ್ (ಬೋರ್ಡಿನ ನಷ್ಟದ ಅಳತೆ) 0.02ರ ಆಸುಪಾಸು ಇರುವುದರಿಂದ ಇದು ಅತಿಯಾದ ಊಹೆಯಲ್ಲ. ತಳ ಮೈನಸ್ 6.5, ನಿಮ್ಮ ಸಿಮ್ಯುಲೇಷನ್‌ಗೆ ಹತ್ತಿರವೇ ಇದೆ. ವೇವ್‌ಗೈಡ್‌ನಲ್ಲಿ ಅಗಲ ಏಳು ಪಟ್ಟು, ನಡುವೆ ಕ್ಷೇತ್ರ ಜೋರಿರುವುದರಿಂದ ಸುಮಾರು ಎರಡು ಪಟ್ಟು ವಾಪಸ್ ಸಿಗುತ್ತದೆ. ಫ್ರ್ಯಾಕ್ಷನ್ ಮೂರೂವರೆ ಪಟ್ಟು ಕಡಿಮೆಯಾಗಿ, ತಳ ಮೈನಸ್ 1ರ ಆಚೀಚೆ ನಿಲ್ಲುತ್ತದೆ. ಕ್ಯೂ ಕೆಟ್ಟು ಅರ್ಧಕ್ಕಿಂತ ಕೆಳಗೆ ಬಂದರೆ ಸೊನ್ನೆಯೂ ದಾಟುವುದಿಲ್ಲ. ಇದನ್ನೂ ಗಮನಿಸಿ: ಮ್ಯೂ ಅತಿ ಕೆಳಗಿರುವ ಆ ಬಿಂದುವಿನಲ್ಲಿ ಇಮ್ಯಾಜಿನರಿ ಭಾಗವೂ ಆ ಗುಣಲಬ್ಧದ ಅರ್ಧದಷ್ಟೇ ಇರುತ್ತದೆ. 6.5ರಷ್ಟು ಮೈನಸ್ ಸಿಕ್ಕ ಕಡೆ 7.5ರಷ್ಟು ನಷ್ಟ. ಮೈನಸ್ 6 ಎಂದು ದಪ್ಪಕ್ಷರದಲ್ಲಿ ಬರೆಯುವ ಮೊದಲು ಆ ನಷ್ಟವನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ವೇವ್‌ಗೈಡ್‌ನಲ್ಲಿ ಇನ್ನೊಂದು ಗುಂಡಿ ಇದೆ. ಗಾಳಿಯಲ್ಲಿ 9.7 ಗಿಗಾಹರ್ಟ್ಸ್‌ನ ತರಂಗಾಂತರ 31 ಮಿ.ಮೀ. ವೇವ್‌ಗೈಡಿನೊಳಗೆ ಅದು ಸುಮಾರು 42 ಮಿ.ಮೀ., ಏಕೆಂದರೆ ಅಲೆ ಅದರೊಳಗೆ ಸಾಗಲು ಬೇಕಾದ ಕನಿಷ್ಠ ಆವರ್ತನ, ಅಂದರೆ ಕಟ್‌ಆಫ್ 6.56 ಗಿಗಾಹರ್ಟ್ಸ್. ಗಾಳಿಯ ಸಂಖ್ಯೆಯನ್ನೇ ಸೂತ್ರಕ್ಕೆ ಹಾಕಿದ್ದರೆ ಮ್ಯೂ ತಪ್ಪಾಗುವುದು ಖಂಡಿತ. ಜೊತೆಗೆ ಸೀಳು ಯಾವ ಬದಿಗಿದೆ ನೋಡಿ. ಸೀಳಿರುವ ಬದಿ ವಿದ್ಯುತ್ ಕ್ಷೇತ್ರಕ್ಕೆ ಸಮಾಂತರವಾಗಿದ್ದರೆ, ಕಾಂತಕ್ಷೇತ್ರದ ಹಂಗಿಲ್ಲದೆ ವಿದ್ಯುತ್ ಕ್ಷೇತ್ರವೇ ಉಂಗುರವನ್ನು ಕೆರಳಿಸುತ್ತದೆ. ವಸ್ತು ಬೈ-ಅನೈಸೊಟ್ರೊಪಿಕ್ ಆಗುತ್ತದೆ, ಅಂದರೆ ವಿದ್ಯುತ್ ಮತ್ತು ಕಾಂತ ಸ್ಪಂದನಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬರೀ ಮ್ಯೂ ಮತ್ತು ಎಪ್ಸಿಲಾನ್ ಸಾಲುವುದಿಲ್ಲ. ಎಸ್11 ಮತ್ತು ಎಸ್22 (ಹಿಂದಿನ ಮುಖದಿಂದ ವಾಪಸ್ ಬರುವ ಅಲೆ) ಇವುಗಳ ಫೇಸ್ ಹೋಲಿಸಿದರೆ ಗೊತ್ತಾಗುತ್ತದೆ. ಎರಡೂ ಬೇರೆ ಇದ್ದರೆ ಮಾಮೂಲಿ ಸೂತ್ರ ಬಿಟ್ಟುಬಿಡಿ. ಉಂಗುರವನ್ನು ಬೋರ್ಡಿನ ಮೇಲೆಯೇ 90 ಡಿಗ್ರಿ ತಿರುಗಿಸಿ ಬರೆದರೆ, ನೇರವಾಗಿ ಬರುವ ಅಲೆಗೆ ಈ ತೊಂದರೆ ತಪ್ಪುತ್ತದೆ.

ಹಾಗಾದರೆ ಯಾವ ದಾರಿ ಹಿಡಿಯಬೇಕು? ಎಸ್-ಪ್ಯಾರಾಮೀಟರ್ ದಾರಿ ಸುಲಭ, ಅಳತೆಗೂ ಸಿಮ್ಯುಲೇಷನ್‌ಗೂ ಒಂದೇ. ಅಪಾಯ ಮೇಲೆ ಹೇಳಿದ್ದೇ, ಅದರ ಜೊತೆ ದಪ್ಪ ಹೆಚ್ಚಿದಂತೆ, ಸೂಚ್ಯಂಕಕ್ಕೆ ಹಲವು ಉತ್ತರ ಕೊಡುವ ಆರ್ಕ್-ಕಾಸ್‌ನ ಯಾವ ಶಾಖೆ ಆರಿಸಬೇಕು ಅನ್ನುವ ಗೊಂದಲ. ಕಡಿಮೆ ಆವರ್ತನದಿಂದ ಶುರುಮಾಡಿ ಮುರಿಯದಂತೆ ಮೇಲೆ ಬಂದರೆ ಅದು ಬಗೆಹರಿಯುತ್ತದೆ. ಎರಡನೆಯದು ಕ್ಷೇತ್ರಗಳ ಸರಾಸರಿ, ಪೆಂಡ್ರಿಯವರದ್ದೇ ಮೂಲ ದಾರಿ: ಕಾಂತಕ್ಷೇತ್ರದ ಬಿ, ಎಚ್ ಎಂಬ ಎರಡು ರೂಪಗಳಲ್ಲಿ ಬಿ ಅನ್ನು ಸೆಲ್‌ನ ಮುಖದ ಮೇಲೆ, ಎಚ್ ಅನ್ನು ಉಂಗುರ ಮುಟ್ಟದ ಅಂಚಿನ ಉದ್ದಕ್ಕೆ ಸರಾಸರಿ ಮಾಡಿ ಭಾಗಿಸುವುದು. ಭೌತಶಾಸ್ತ್ರ ಕಣ್ಣಿಗೆ ಕಾಣುತ್ತದೆ, ಆದರೆ ಅಳತೆಯಲ್ಲಿ ಮಾಡಲಾಗುವುದಿಲ್ಲ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಒಂದು ಉಂಗುರದ ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ತೆಗೆದುಕೊಂಡು, ನೆರೆಯ ಉಂಗುರಗಳ ಮ್ಯೂಚುವಲ್ ಇಂಡಕ್ಟೆನ್ಸ್‌ಗಳನ್ನು ಕೂಡಿಸಿ ಮ್ಯೂ ಕಟ್ಟುವುದು. ಗೊರ್ಕುನೋವ್, ಲಪೀನ್, ಶಮೋನಿನಾ, ರಿಂಗ್‌ಹೋಫರ್ 2002ರಲ್ಲಿ ಇದನ್ನು ಮಾಡಿ ತೋರಿಸಿದರು. ಪೈಥಾನ್‌ನಲ್ಲಿ ಒಂದು ಸಂಜೆಯ ಕೆಲಸ. ಯಾವ ಅಂತರ ಬದಲಿಸಿದರೆ ರೆಸೊನೆನ್ಸ್ ಎತ್ತ ಹೋಗುತ್ತದೆ ಎಂದು ಕೈಯಲ್ಲೇ ಹೇಳಬಹುದು. ಆದರೆ ಇದು ಉಂಗುರ ತರಂಗಾಂತರಕ್ಕಿಂತ ತುಂಬಾ ಚಿಕ್ಕದಿದ್ದಾಗ ಮಾತ್ರ ಗಟ್ಟಿ. ನಿಮ್ಮ ಹತ್ತರಲ್ಲೊಂದು ಅಂಚಿನಲ್ಲಿದೆ.

ಸೆಲ್ ಚಿಕ್ಕದಾದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. 2001ರಲ್ಲಿ ವಿಲ್ಟ್‌ಶೈರ್ ಮತ್ತು ಇತರರು ಎಂಆರ್‌ಐ ಯಂತ್ರಕ್ಕಾಗಿ ‘ಸ್ವಿಸ್ ರೋಲ್’ ಎಂಬ ಸುರುಳಿಗಳನ್ನು ಬಳಸಿದರು. ಆವರ್ತನ 21.3 ಮೆಗಾಹರ್ಟ್ಸ್, ತರಂಗಾಂತರ 14 ಮೀಟರ್, ಸುರುಳಿ ಸೆಂಟಿಮೀಟರ್ ಲೆಕ್ಕದ್ದು. ಇಂಥ ಆವರ್ತನದಲ್ಲಿ ಉಂಗುರಗಳ ಜಾಲ ಕಟ್ಟಿದರೂ, ಉಂಗುರದಿಂದ ಉಂಗುರಕ್ಕೆ ಮ್ಯೂಚುವಲ್ ಇಂಡಕ್ಟೆನ್ಸ್ ಮೂಲಕ ನಿಧಾನವಾದ ಅಲೆಗಳು ಹರಿಯುತ್ತವೆ. ಅವುಗಳ ತರಂಗಾಂತರ ಕೆಲವೇ ಸೆಲ್ ಇರಬಹುದು. ಆಗ ಸಣ್ಣ ಮಾದರಿಯ ಅಂಚಿನಲ್ಲಿ ಒಂದು ಮ್ಯೂ, ನಡುವೆ ಇನ್ನೊಂದು ಇದ್ದ ಹಾಗೆ ಕಾಣುತ್ತದೆ.

ನಿಮ್ಮ ಅಳತೆಯ ಒಂಟಿ ಪಟ್ಟಿಗೆ ಮ್ಯೂ ಎಂಬ ಹೆಸರೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅಳೆದ ಎಸ್-ಪ್ಯಾರಾಮೀಟರ್, ರೆಸೊನೆನ್ಸ್ ಆವರ್ತನ, ಕ್ಯೂ, ಇಷ್ಟನ್ನೇ ಕೊಡಿ. ಅದೇ ಪಟ್ಟಿಯನ್ನು ವೇವ್‌ಗೈಡ್ ಸಮೇತ ಮತ್ತೆ ಸಿಮ್ಯುಲೇಟ್ ಮಾಡಿ ಪಕ್ಕದಲ್ಲಿಡಿ. ಸಿಮ್ಯುಲೇಷನ್‌ಗೆ ಲೈಸೆನ್ಸ್ ಸಾಲದಿದ್ದರೆ ಓಪನ್‌ಇಎಂಎಸ್ ಉಚಿತ. ಸಾಧ್ಯವಾದರೆ ಇನ್ನೆರಡು ಪಟ್ಟಿ ಮಾಡಿಸಿ, 3.3 ಮಿ.ಮೀ. ಅಂತರದಲ್ಲಿ ಥರ್ಮೊಕೋಲ್ ತುಂಡು ಇಟ್ಟು ನಿಲ್ಲಿಸಿ ಅಳೆಯಿರಿ. ತಗ್ಗು ಕೆಳಕ್ಕೆ ಸರಿಯಬೇಕು. ಸರಿದರೆ ನೆರೆಯ ಉಂಗುರದ ಮಾತಿಗೆ ನಿಮ್ಮದೇ ಸಾಕ್ಷಿ ಸಿಕ್ಕಿತು.

ಇನ್ನು ಸಿಮ್ಯುಲೇಷನ್‌ನ ಮ್ಯೂ. ಅದನ್ನು ಉಳಿಸಿಕೊಳ್ಳಬೇಕಾದರೆ, ಅದನ್ನು ತೆಗೆಯಲು ಬಳಸದ ಒಂದು ಸಂಗತಿಯನ್ನು ಅದು ಮೊದಲೇ ಹೇಳಬೇಕು. ಮೂರು ಪದರದಿಂದ ಮ್ಯೂ ಮತ್ತು ಎಪ್ಸಿಲಾನ್ ತೆಗೆಯಿರಿ. ಅವನ್ನು ಏಕರೂಪದ ಹಲಗೆಯ ಸೂತ್ರಕ್ಕೆ ಹಾಕಿ, ಐದು ಪದರದ ಎಸ್11, ಎಸ್21 ಹೇಗಿರಬೇಕು ಎಂದು ಲೆಕ್ಕ ಹಾಕಿ. ಆಮೇಲೆ ಐದು ಪದರವನ್ನು ಪೂರ್ತಿ ಸಿಮ್ಯುಲೇಟ್ ಮಾಡಿ, ಎರಡು ಗೆರೆಗಳನ್ನು ಒಂದರ ಮೇಲೊಂದು ಎಳೆಯಿರಿ. ರೆಸೊನೆನ್ಸ್‌ನಿಂದ ದೂರದಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಹತ್ತಿರ ಬಂದಂತೆ ಎಲ್ಲೋ ಒಂದು ಕಡೆ ಬೇರೆಯಾಗುತ್ತವೆ. ಬೇರೆಯಾಗುವ ಆವರ್ತನವನ್ನು ಗುರುತು ಹಾಕಿ. ರಿಪೋರ್ಟಿನ ಪಟ್ಟಿಯಲ್ಲಿ ಆ ಗುರುತಿನ ಆಚೆಗಿನ ಮ್ಯೂ ಬರೆಯಬೇಡಿ, ಆ ಸಾಲುಗಳಲ್ಲಿ ಸೂಚ್ಯಂಕ ಮತ್ತು ಹೀರಿಕೆ ಮಾತ್ರ ಕೊಡಿ. ಮೈನಸ್ 6 ಗುರುತಿನ ಆಚೆ ಬಿದ್ದರೆ ಬಿಟ್ಟುಬಿಡಿ. ಮೈನಸ್ 1 ಈಚೆ ಉಳಿದರೆ ಅದನ್ನು ಧೈರ್ಯವಾಗಿ ಬರೆಯಿರಿ, ಎಕ್ಸ್‌ಟರ್ನಲ್ ಕೇಳಿದರೆ ಈ ಐದು ಪದರದ ಗ್ರಾಫ್ ತೋರಿಸಿ.